ಎರಡು ಗೇಣು, ಮೂರು ಬೆರಳು

ಆ ಬುಧವಾರ ನಾನು ಮಾಡಿದ ಕೆಲಸಗಳು ನನ್ನ ನೋಟ್‌ಬುಕ್ಕಿನಲ್ಲಿ ಹೀಗಿವೆ. ಐದೂವರೆಗೆ ಎದ್ದೆ. ಹತ್ತು ರೊಟ್ಟಿ ಬಡಿದೆ. ಆರು ಮನೆಗೆ, ನಾಲ್ಕು ಡಬ್ಬಿಗೆ. ಹಾಲಿಗೆ ಹೆಪ್ಪು ಹಾಕುವುದು ಮರೆತಿತ್ತು, ಚಪ್ಪಲಿ ಮೆಟ್ಟಿದವಳು ಮತ್ತೆ ಒಳಗೆ ಹೋಗಿ ಹಾಕಿ ಬಂದೆ. ಅಫಜಲಪುರದ ಬಸ್ಸು ಹಿಡಿದೆ, ಕಿಟಕಿಯ ಸೀಟು ಸಿಕ್ಕಿತು. ಪೇಶಂಟುಗಳನ್ನು ನೋಡುವ ಖೋಲಿಯ ಕಸ ಹೊಡೆಸಿದೆ. ಬೆಂಚಿಗೆ ಬಿಳಿ ಚಾದರ ಹಾಸಿದೆ. ಬೆನ್ನುನೋವಿನವರು ನಾಲ್ವರು, ಹೆಗಲು ಹಿಡಿದವರು ಇಬ್ಬರು, ಪಾರ್ಶ್ವವಾಯುವಿನ ಅಜ್ಜ ಒಬ್ಬರು. ಅಜ್ಜ ಇವತ್ತು ಹನ್ನೊಂದು ಹೆಜ್ಜೆ ನಡೆದರು. ಊಟಕ್ಕೆ ಮುಂಚೆ ಹೊಸ ಪೇಶಂಟು: ಕರಜಗಿಯ ಶರಣು, ಕಬಡ್ಡಿ ಆಟಗಾರ, ಬಲ ತೊಡೆ.

ಇದು ಮೂರು ವರ್ಷದ ಹಿಂದಿನ ಮಾತು. ನಾನು ಫಿಸಿಯೋಥೆರಪಿಸ್ಟ್. ಆಗ ನನ್ನ ಕೆಲಸ ಮೂರು ತಾಲೂಕು ಊರುಗಳಿಗೆ ಹಂಚಿತ್ತು: ಸೋಮವಾರ, ಮಂಗಳವಾರ ಆಳಂದ, ಬುಧವಾರ, ಗುರುವಾರ ಅಫಜಲಪುರ, ಶುಕ್ರವಾರ, ಶನಿವಾರ ಜೇವರ್ಗಿ. ಮನೆ ಕಲಬುರಗಿಯಲ್ಲಿ. ವಾರದ ಆರು ದಿನ ಬಸ್ಸಿನಲ್ಲಿ ಹೋಗಿ ಬರುವವಳಿಗೆ ಯಾವ ಪೇಶಂಟಿನ ಮೊಣಕಾಲು ಎಷ್ಟು ಮಡಚಿತು ಎಂಬುದು ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಬರೆದಿಡುವ ಅಭ್ಯಾಸ. ಅದರ ಜೊತೆಗೇ ಹಾಲು, ಹೆಪ್ಪು, ಊಟ, ನಿದ್ದೆಯೂ ಆ ಪುಸ್ತಕದಲ್ಲಿ ಸೇರಿಬಿಡುತ್ತವೆ.

ಶರಣುವಿಗೆ ಇಪ್ಪತ್ತನಾಲ್ಕು ವರ್ಷ. ಬೇರೆ ರಾಜ್ಯದ ಒಂದು ವೃತ್ತಿಪರ ಕಬಡ್ಡಿ ತಂಡದಲ್ಲಿ ರೇಡರ್. ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗಿ, ಮುಟ್ಟಿ, ಸಿಕ್ಕಿಬೀಳದೆ ವಾಪಸು ಬರುವವನು. ಆರು ದಿನದ ಹಿಂದೆ ಅಭ್ಯಾಸದ ಶಿಬಿರದಲ್ಲಿ ಇನ್ನೊಬ್ಬನ ಮೊಣಕಾಲು ಅವನ ತೊಡೆಯ ಮುಂಭಾಗಕ್ಕೆ ಜೋರಾಗಿ ಬಡಿದಿತ್ತು. ತಂಡದವರು ಸ್ಕ್ಯಾನ್ ಮಾಡಿಸಿ, ಒಂದು ಚೀಟಿ ಬರೆದುಕೊಟ್ಟು ಮನೆಗೆ ಕಳಿಸಿದ್ದರು. ಆ ಬುಧವಾರದಿಂದ ಮೂವತ್ತೆರಡನೆಯ ದಿನ, ಒಂದು ಭಾನುವಾರ, ಫಿಟ್‌ನೆಸ್ ಟೆಸ್ಟು. ಅವನ ಜಾಗಕ್ಕೆ ಇನ್ನೊಬ್ಬ ರೇಡರ್ ಆಗಲೇ ಬಂದು ಅಭ್ಯಾಸ ಮಾಡುತ್ತಿದ್ದ. ಟೆಸ್ಟಿನಲ್ಲಿ ಪಾಸಾದರೆ ಶರಣು, ಇಲ್ಲದಿದ್ದರೆ ಆ ಇನ್ನೊಬ್ಬ.

“ಕಾಲ ಮಡಚಿದ್ರ ಸಾಕ್ರಿ ಮೇಡಂ, ಉಳಿದದ್ದು ನಾ ನೋಡ್ಕೋತೇನಿ,” ಅಂದ.

ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ ಕ್ವಾಡ್ರಿಸೆಪ್ಸ್ ಎನ್ನುತ್ತಾರೆ. ಹೊರಗಿನಿಂದ ಪೆಟ್ಟು ಬಿದ್ದಾಗ ಅದು ಒಳಗಿನ ಎಲುಬಿಗೆ ಒತ್ತಿ ಜಜ್ಜಿ, ಒಳಗೊಳಗೇ ರಕ್ತ ಇಳಿಯುತ್ತದೆ. ಚರ್ಮ ಒಡೆದಿರುವುದಿಲ್ಲವಾದ್ದರಿಂದ ನೋಡಿದವರಿಗೆ ಇದು ಸಣ್ಣ ಪೆಟ್ಟು. ಶರಣುವಿನ ಬಲ ತೊಡೆ ಎಡಕ್ಕಿಂತ ಮೂರು ಸೆಂಟಿಮೀಟರ್ ದಪ್ಪವಾಗಿತ್ತು. ಕೀಲಿನ ಕೋನ ಅಳೆಯುವ ಎರಡು ಪಟ್ಟಿಯ ಸಾಧನ ಗೋನಿಯೋಮೀಟರ್ ಇಟ್ಟು ನೋಡಿದೆ: ಎಡ ಮೊಣಕಾಲು ನೂರ ನಲವತ್ತೆರಡು ಡಿಗ್ರಿ ಮಡಚಿತು, ಬಲ ಅರವತ್ನಾಲ್ಕಕ್ಕೆ ನಿಂತಿತು.

ಇಂಥ ಪೆಟ್ಟಿಗೆ ಮೊದಮೊದಲು ಬೇಕಾದದ್ದು ಕಡಿಮೆ. ತಣ್ಣನೆಯದು ಇಡುವುದು, ಬಿಗಿಪಟ್ಟಿ, ನೋವಾಗದಷ್ಟೇ ಮಡಚುವುದು, ಸ್ನಾಯುವನ್ನು ಮೆಲ್ಲಗೆ ಬಿಗಿ ಹಿಡಿದು ಬಿಡುವುದು. ಬೇಡದ್ದೇ ಹೆಚ್ಚು. ಬಿಸಿ ಬೇಡ, ಜಗ್ಗುವುದು ಬೇಡ, ಎಲ್ಲಕ್ಕಿಂತ ಮುಖ್ಯವಾಗಿ ತಿಕ್ಕುವುದು ಬೇಡ. ಹಸಿ ಗಾಯವನ್ನು ದಿನಾ ತಿಕ್ಕಿದರೆ ರಕ್ತ ಮತ್ತೆ ಮತ್ತೆ ಇಳಿಯುತ್ತದೆ. ಕೆಲವರಿಗೆ ಆ ಗಡ್ಡೆ ಗಟ್ಟಿಯಾಗುತ್ತ ಹೋಗಿ ಸ್ನಾಯುವಿನ ನಡುವೆಯೇ ಎಲುಬು ಕಟ್ಟುತ್ತದೆ. ಮಯೋಸೈಟಿಸ್ ಆಸಿಫಿಕಾನ್ಸ್ ಎಂದು ಅದರ ಹೆಸರು. ಅದು ಬಂದರೆ ವಾರಗಳ ಲೆಕ್ಕ ಹೋಗಿ ತಿಂಗಳುಗಳ ಲೆಕ್ಕ ಶುರುವಾಗುತ್ತದೆ.

ಇದನ್ನೆಲ್ಲ ಹೇಳಿ, “ಮನ್ಯಾಗ ಯಾರರೆ ಮಾಲೀಶ್ ಮಾಡ್ತಾರೇನು?” ಎಂದು ಕೇಳಿದೆ.

“ಇಲ್ರಿ.”

“ಅಪ್ಪ ಏನ್ ಮಾಡ್ತಾರ?”

“ತಾಲೀಮಿನ ವಸ್ತಾದ್ರಿ.”

ತಾಲೀಮು ಅಂದರೆ ಈ ಕಡೆಯ ಗರಡಿಮನೆ. ವಸ್ತಾದ ಅಂದರೆ ಅಲ್ಲಿ ಕುಸ್ತಿ ಕಲಿಸುವ ಗುರು. ತಾಲೀಮಿನಲ್ಲಿ ತಿಕ್ಕುವುದು ಕುಸ್ತಿಯಷ್ಟೇ ದೊಡ್ಡ ವಿದ್ಯೆ ಎಂದು ಗೊತ್ತಿದ್ದವಳು ನಾನು ಅಲ್ಲಿಯೇ ನಿಂತು ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕಿತ್ತು. ಹೊರಗೆ ಇನ್ನೂ ಐದು ಮಂದಿ ಕೂತಿದ್ದರು. “ಅಪ್ಪಗ ಹೇಳಪಾ, ತೊಡಿಗೆ ಕೈ ಹಚ್ಚಬಾರದು ಅಂತ,” ಎಂದೆ. “ಹೇಳ್ತೇನ್ರಿ,” ಎಂದ. ನನ್ನ ಮುಖ ನೋಡದೆ ಚೀಟಿ ಮಡಚುತ್ತ ಹೇಳಿದ. ಅದನ್ನೂ ಬರೆದುಕೊಂಡಿದ್ದೇನೆ, ಆದರೆ ಆಗ ಅದರ ಅರ್ಥ ಹೊಳೆಯಲಿಲ್ಲ.

ವಾರಕ್ಕೆ ಮೂರು ಸಲ ನೋಡಬೇಕಿತ್ತು. ನಾನಿದ್ದ ಊರಿಗೆ ತಾನೇ ಬರುತ್ತೇನೆಂದ. ಬುಧವಾರ ಅಫಜಲಪುರಕ್ಕೂ ಶುಕ್ರವಾರ ಜೇವರ್ಗಿಗೂ ಮನೆಯಿಂದಲೇ ಬಸ್ಸಿನಲ್ಲಿ ಬರುತ್ತಿದ್ದ. ಆಳಂದದಲ್ಲಿ ಅವನ ಅಕ್ಕನ ಮನೆಯಿತ್ತು. ಶನಿವಾರ ಸಂಜೆಯೇ ಅಲ್ಲಿಗೆ ಹೋಗಿ ಉಳಿದು, ಸೋಮವಾರ ಬೆಳಿಗ್ಗೆ ನನ್ನ ಖೋಲಿಯ ಮುಂದೆ ಮೊದಲಿಗನಾಗಿ ಕೂತಿರುತ್ತಿದ್ದ.

ಅಂಕಿಗಳು ಹೀಗಿವೆ. ಮೊದಲ ಶುಕ್ರವಾರ ಜೇವರ್ಗಿಯಲ್ಲಿ ಅರವತ್ತಾರು. ಸೋಮವಾರ ಆಳಂದದಲ್ಲಿ ಎಪ್ಪತ್ತೆಂಟು. ಖುಷಿಯಾಯಿತು. ಬುಧವಾರ ಅಫಜಲಪುರದಲ್ಲಿ ಎಪ್ಪತ್ತು. ಶುಕ್ರವಾರ ಅರವತ್ತೊಂಬತ್ತು. ಮುಂದಿನ ಸೋಮವಾರ ಆಳಂದದಲ್ಲಿ ಎಂಬತ್ತನಾಲ್ಕು.

ಆಳಂದದಲ್ಲಿ ಏನಿದೆ, ಉಳಿದ ಎರಡು ಊರಲ್ಲಿ ಏನಿಲ್ಲ ಎಂದು ಯೋಚಿಸಿದೆ. ಆಳಂದದ ಖೋಲಿಯಲ್ಲಿ ಫ್ರಿಜ್ ಇತ್ತು. ಅದರಲ್ಲಿ ಒಳ್ಳೆಯ ಜೆಲ್ ಐಸ್‌ಪ್ಯಾಕುಗಳಿದ್ದವು. ಅಫಜಲಪುರದಲ್ಲೂ ಜೇವರ್ಗಿಯಲ್ಲೂ ತಂಪು ಪಾನೀಯದ ಅಂಗಡಿಯಿಂದ ಬರ್ಫ ತರಿಸಿ ಟವೆಲ್ಲಿನಲ್ಲಿ ಸುತ್ತುತ್ತಿದ್ದೆ. ಐಸ್‌ಪ್ಯಾಕಿನದೇ ಗುಣ ಎಂದು ನಿರ್ಧರಿಸಿಬಿಟ್ಟೆ. ಮಂಗಳವಾರ ಸಂಜೆ ಮೂರು ಪ್ಯಾಕುಗಳನ್ನು ಥರ್ಮೊಕೋಲ್ ಡಬ್ಬಿಯಲ್ಲಿಟ್ಟು ಮನೆಗೆ ತಂದೆ, ಬೆಳಿಗ್ಗೆ ಅಫಜಲಪುರದ ಬಸ್ಸಿಗೆ ಹತ್ತಿಸಿದೆ. ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂಡಕ್ಟರು ಮೂಗು ಮುಚ್ಚಿಕೊಂಡು, “ಏನ್ರಿ ಅಕ್ಕಾರ, ಮೀನ ತಂದೀರೇನು? ಹಿಂದಿನ ಸೀಟಿಗೆ ನಡ್ರಿ,” ಎಂದರು. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

ಆ ಬುಧವಾರ ಆಳಂದದ ಐಸ್‌ಪ್ಯಾಕು ಇಡುವ ಮೊದಲು ಅಳೆದೆ: ಎಪ್ಪತ್ತೊಂದು. ಎರಡು ದಿನದಲ್ಲಿ ಹದಿಮೂರು ಡಿಗ್ರಿ ಕೆಳಗೆ. ತೊಡೆಯ ನಡುವೆ ಗಡ್ಡೆ ಹೆಚ್ಚು ಗಟ್ಟಿಯಾಗಿತ್ತು, ಕೈಯಿಟ್ಟರೆ ಬಿಸಿ ತಾಗುತ್ತಿತ್ತು. ಟೆಸ್ಟಿಗೆ ಹದಿನೆಂಟು ದಿನ ಉಳಿದಿತ್ತು. ಸ್ನಾಯುವಿನಲ್ಲಿ ಎಲುಬು ಕಟ್ಟಲು ಶುರುವಾಗಿದ್ದರೆ ಟೆಸ್ಟಿನ ಮಾತೇ ಇಲ್ಲ.

ಅವನು ಎದ್ದು ಹೊರಗೆ ಹೋದಾಗ ಖಾಜಾಬಿ ಚಾದರ ಬದಲಿಸಲು ಬಂದಳು. ಖೋಲಿ ನೋಡಿಕೊಳ್ಳುವವಳು, ನನಗಿಂತ ಹತ್ತು ವರ್ಷ ದೊಡ್ಡವಳು, ನನಗಿಂತ ಹತ್ತು ಪಟ್ಟು ಬಾಯಿ ಜೋರು.

“ಮೇಡಂ, ಈ ಪೈಲ್ವಾನಗ ಹೇಳ್ರಿ, ಇನ್ನ ಮ್ಯಾಲ ಚಾದರ ಮನಿಯಿಂದ ತರ್ಲಿ. ಎಷ್ಟ್ ಸಾಬಾಣ ಹಚ್ಚಿದ್ರೂ ಈ ಹಳದಿ ಕಲೆ ಹೋಗವಲ್ದು.”

“ಯಾವ ಕಲೆ ಖಾಜಾಬಿ?”

“ಎಣ್ಣಿ ಕಲೆ. ಮೂಸಿ ನೋಡ್ರಿ. ಕುಸುಬಿ ಎಣ್ಣಿ. ಬಿಸಿ ಮಾಡಿ ಹಚ್ಚ್ಯಾರ, ಸುಟ್ಟ ಬೆಳ್ಳೊಳ್ಳಿ ವಾಸ್ನಿ ಬರಾಕತ್ತದ.”

ಮೂಸಿದೆ. ಹೌದು. ನೋಟ್‌ಬುಕ್ ತೆಗೆದೆ. ಮೊದಲ ಬುಧವಾರದ ಪುಟದ ಕೊನೆಯಲ್ಲಿ ನನ್ನದೇ ಅಕ್ಷರ: “ಚಾದರಕ್ಕೆ ಹಳದಿ ಕಲೆ, ಸೋಡಾದಲ್ಲಿ ನೆನೆಹಾಕಲು ಹೇಳಿದೆ.” ಮುಂದಿನ ಬುಧವಾರವೂ ಕಲೆ. ಆಳಂದದ ಯಾವ ಪುಟದಲ್ಲೂ ಕಲೆಯ ಮಾತಿಲ್ಲ. ಆಳಂದದಲ್ಲಿ ಇದ್ದದ್ದು ಫ್ರಿಜ್ ಅಲ್ಲ, ಅವನ ಅಕ್ಕನ ಮನೆ. ಅಲ್ಲಿ ಅಪ್ಪ ಇರಲಿಲ್ಲ.

ಶರಣುವನ್ನು ಮತ್ತೆ ಒಳಗೆ ಕರೆದು ಬಾಗಿಲು ಮುಂದೆ ಮಾಡಿದೆ. ಬೈಯಬೇಕೆಂದಿದ್ದೆ. ಚಾದರ ತೋರಿಸಿದೆ ಅಷ್ಟೇ. ಅವನು ಕಲೆಯ ಮೇಲೆ ಬೆರಳಾಡಿಸಿದ.

“ನಾಕು ವರ್ಷ ಆತ್ರಿ, ಅಪ್ಪ ನನ್ನ ಕೂಡ ಮಾತಾಡಂಗಿಲ್ಲ. ಕುಸ್ತಿ ಬಿಟ್ಟು ಕಬಡ್ಡಿಗೆ ಹೋದ್ನೆಲ್ಲ, ಅವತ್ತಿಂದ. ಈಗ ಪೆಟ್ಟ ಹಚ್ಚಿಕೊಂಡು ಬಂದೇನಿ. ಮರುದಿನ ಮುಂಜಾನೆ ಎಣ್ಣಿ ಬಟ್ಟಲಾ ಹಿಡ್ಕೊಂಡು ಬಂದು ನನ್ನ ಕಾಲ ಹಂತ್ಯಾಕ ಕುಂತ್ರು. ಒಂದು ಮಾತಿಲ್ಲ. ತೊಡಿಗೆ ಕೈ ಹಚ್ಚಿದ್ರು. ನಾಕು ವರ್ಷದಾಗ ಅಪ್ಪ ನನ್ನ ಮುಟ್ಟಿದ್ದು ಅದ ಮೊದಲರಿ ಮೇಡಂ. ಬ್ಯಾಡ ಅಂತ ಹ್ಯಾಂಗ ಹೇಳ್ಲಿ?”

“ಬ್ಯಾನಿ ಆಗಂಗಿಲ್ಲೇನು?”

“ಜೀವ ಹೋಗ್ತದ್ರಿ. ಆದ್ರ ತಾಲೀಮಿನಾಗ ವಸ್ತಾದರ ಕೈಯಾಗ ಮಲ್ಕೊಂಡವ ಹಾಯ್ ಅನ್ನಬಾರದು. ಸಣ್ಣಾಂವ ಇದ್ದಾಗಿಂದ ಹಾಂಗ ಕಲ್ಸ್ಯಾರ.”

ಕಲಬುರಗಿಯ ಎಲುಬಿನ ಡಾಕ್ಟರರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಪೆಟ್ಟು ಬಿದ್ದು ನಾಲ್ಕು ವಾರ ಆಗುತ್ತ ಬಂದಾಗ, ಅಂದರೆ ಬರುವ ಮಂಗಳವಾರ, ಎಕ್ಸ್‌ರೇ ತೆಗೆಸಿ, ಅದಕ್ಕೂ ಮೊದಲು ತೆಗೆದರೆ ಎಲುಬು ಕಟ್ಟಿದ್ದರೂ ಕಾಣದೆ ಹೋಗಬಹುದು, ಅಲ್ಲಿಯವರೆಗೆ ತಿಕ್ಕುವುದು ಪೂರ್ತಿ ನಿಲ್ಲಲಿ ಎಂದರು. ಕೊನೆಯ ಪೇಶಂಟು ಮುಗಿದ ಮೇಲೆ ಶರಣುವಿನ ಜೊತೆ ನಾನೇ ಕರಜಗಿಯ ಬಸ್ಸು ಹತ್ತಿದೆ.

ಭೀಮಶಾ ವಸ್ತಾದರಿಗೆ ಅರವತ್ತರ ಮೇಲೆ. ಕಿವಿ ಎರಡೂ ಕುಸ್ತಿಯಲ್ಲಿ ಜಜ್ಜಿ ಒಣ ಅಂಜೂರದ ಹಾಗೆ ಮುದುಡಿದ್ದವು. ತಾಲೀಮು ಮನೆಗೆ ಅಂಟಿಕೊಂಡೇ ಇತ್ತು. ಅವರು ಕುಸ್ತಿಯ ಕಣದ ಪಕ್ಕ ಕೂತು ರೈತರೊಬ್ಬರ ಉಳುಕಿದ ಮುಂಗೈ ನೋಡುತ್ತಿದ್ದರು. ನಾನು ಯಾರೆಂದು ಹೇಳಿದೆ. ಕೂಡಲು ಕಂಬಳಿ ಹಾಕಿಸಿದರು. ಅವರ ಹೆಂಡತಿ ಗುರುಬಾಯಿ ನೀರು, ಬೆಲ್ಲ ತಂದಿಟ್ಟರು.

“ವಸ್ತಾದ್ರೇ, ಹುಡುಗನ ತೊಡಿ ತಿಕ್ಕೂದು ನಿಲ್ಲಿಸಬೇಕ್ರಿ.”

ಅವರು ನಕ್ಕರು. “ಡಾಕ್ಟರ್ ಬಾಯಾರ, ನಲವತ್ತು ವರ್ಷದಾಗ ಈ ಕೈ ಎಷ್ಟು ತೊಡಿ ತಿಕ್ಕ್ಯಾವ, ನೀವು ಎಷ್ಟು ನೋಡೀರಿ? ಕಟ್ಟಿದ ರಕ್ತ ಒಡೀಬೇಕು. ಒಡೀದಿದ್ರ ಗಂಟ ಆಗ್ತದ.”

“ಎರಡು ವಾರ ತಿಕ್ಕೀರಿ. ಗಂಟ ಸಣ್ಣದಾತೋ, ದೊಡ್ಡದಾತೋ?”

ಅವರು ಮತ್ತೆ ರೈತರ ಮುಂಗೈ ಕಡೆ ತಿರುಗಿದರು. ಅವರ ಬೆರಳಿಗೆ ಅದು ಗೊತ್ತಿತ್ತು ಎಂದು ನನಗನಿಸಿತು. ಆದರೆ ಗೊತ್ತಿರುವುದು ಬೇರೆ, ಎದುರಿನವಳ ಮುಂದೆ ಒಪ್ಪುವುದು ಬೇರೆ. ಶರಣುವನ್ನು ಕಂಬಳಿಯ ಮೇಲೆ ಮಲಗಿಸಿದೆ. “ಹೆಬ್ಬೆಟ್ಟಲೆ ಮೆಲ್ಲಕ ಒತ್ತರಿ ಸಾಕು,” ಎಂದು ವಸ್ತಾದರಿಗೆ ಹೇಳಿ, “ತಮ್ಮಾ, ಬ್ಯಾನಿ ಆದ್ರ ಬಾಯಿ ಬಿಟ್ಟು ಹೇಳು,” ಎಂದು ಶರಣುವಿಗೆ ಹೇಳಿದೆ.

ಹೆಬ್ಬೆಟ್ಟು ಇಟ್ಟರು. ಶರಣುವಿನ ಹಣೆಯಲ್ಲಿ ಬೆವರು ಮೂಡಿತು, ಕೈ ಕಂಬಳಿಯನ್ನು ಹಿಡಿದುಕೊಂಡಿತು. ಬಾಯಿ ಮಾತ್ರ ಬಿಡಲಿಲ್ಲ.

ಗುರುಬಾಯಿಯ ತಾಳ್ಮೆ ಮುಗಿದದ್ದು ಅಲ್ಲಿಯೇ. “ಅಲ್ರೀ, ವರ್ಷಕ್ಕೊಮ್ಮಿ ಕಣದ ಮಣ್ಣಿಗೆ ಎಣ್ಣಿ, ಮಜ್ಜಗಿ, ಅರಿಷಿಣ ಹಾಕಿ ಹದ ಮಾಡ್ತೀರಿ. ಆಮ್ಯಾಲ ಎಂಟು ದಿನ ಒಬ್ಬರಿಗರೆ ಕಾಲ ಇಡಾಕ ಬಿಡ್ತೀರೇನು? ಬೆಕ್ಕು ಹಾದ್ರ ಕಟಗಿ ತಗೊಂಡು ಓಡ್ತೀರಿ. ಮಣ್ಣಿಗೆ ಕೊಟ್ಟಷ್ಟು ಆರಾಮ ಹೊಟ್ಟ್ಯಾಗ ಹುಟ್ಟಿದ ಮಗನ ಕಾಲಿಗೆ ಕೊಡಾಕ ಏನ್ ಧಾಡಿ ನಿಮಗ?”

“ಸುಮ್ಕಿರ ಬೇ. ಮಣ್ಣ ಬ್ಯಾರೆ, ಮನಶಾ ಬ್ಯಾರೆ.”

“ಹೌದು, ಮಣ್ಣಿನ ಕೂಡ ಮಾತರೆ ಆಡ್ತೀರಿ.”

ಮುಂಗೈ ತೋರಿಸಲು ಬಂದ ರೈತರು ಮೆಲ್ಲನೆ ಎದ್ದು ಹೊರಗೆ ಹೋದರು. ಆಮೇಲೆ ಶರಣು ಕಣ್ಣು ಮುಚ್ಚಿಕೊಂಡೇ ಹೇಳಿದ:

“ಅಪ್ಪಾ, ಬ್ಯಾನಿ ಆಗಾಕತ್ತದ.”

ವಸ್ತಾದರು ಬೆಂಕಿ ಮುಟ್ಟಿದವರಂತೆ ಕೈ ತೆಗೆದರು. ಆ ಕೈಯನ್ನೇ ಒಮ್ಮೆ ನೋಡಿಕೊಂಡರು. “ಇಷ್ಟು ದಿನ ಯಾಕ ಹೇಳಲಿಲ್ಲೋ?”

“ನೀ ಕೇಳಲಿಲ್ಲಲ್ಲ.”

ಹಾಗೇ ಎದ್ದು ಬಂದಿದ್ದರೆ ನಾನು ಎರಡನೆಯ ತಪ್ಪು ಮಾಡುತ್ತಿದ್ದೆ. ಈ ಮನುಷ್ಯ ಕೈ ಕಟ್ಟಿಕೊಂಡು ಕೂಡುವವರಲ್ಲ. ಇವತ್ತು ಬಿಟ್ಟರೂ ನಾಡಿದ್ದು ಮತ್ತೆ ಎಣ್ಣೆ ಬಿಸಿಯಾಗುತ್ತದೆ. ಶರಣುವನ್ನು ಬೋರಲು ಮಲಗಿಸಿ, ಮೊಣಕಾಲನ್ನು ಅವನಿಗೆ ಆದಷ್ಟೇ ಮಡಚಲು ಹೇಳಿದೆ. “ವಸ್ತಾದ್ರೇ, ಹಿಮ್ಮಡಿಗೂ ಕುಂಡಿಗೂ ನಡುವ ಎಷ್ಟು ಅಂತರ ಅದ, ನಿಮ್ಮ ಗೇಣಿಲೆ ಅಳೀರಿ.”

ಅವರು ಬಲಗೈ ಅಗಲಿಸಿ ಅಳೆದರು. “ಎರಡು ಗೇಣು, ಮೂರು ಬೆರಳು.”

“ದಿನಾ ಮುಂಜಾನೆ ಇದ ಅಳತಿ. ಅವನ ಕಾಲ ನೀವು ಒತ್ತಂಗಿಲ್ಲ, ಜಗ್ಗಂಗಿಲ್ಲ. ತಾನ ಎಷ್ಟು ಮಡಚ್ತಾನೋ ಅಷ್ಟು. ಅಳೆಯೂಕಿಂತ ಮೊದಲ ಒಂದು ಮಾತ ಕೇಳಬೇಕು, ಬ್ಯಾನಿ ಅದ ಏನು ಅಂತ. ಇವನು ಖರೆ ಹೇಳಬೇಕು. ಅಳತಿ ನನಗ ಫೋನ್ ಮಾಡಿ ತಿಳಸ್ರಿ.”

ಅವರು ಇನ್ನೊಮ್ಮೆ ಗೇಣು ಇಟ್ಟು ನೋಡಿ, “ಬರೋಬರ್,” ಎಂದರು.

ಮರುದಿನ ಏಳಕ್ಕೆ ಫೋನ್ ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ. “ಎರಡು ಗೇಣು, ಮೂರು ಬೆರಳು. ಬ್ಯಾನಿ ಅದ ಅಂದ.” ಅಷ್ಟೇ, ಇಟ್ಟುಬಿಟ್ಟರು. ಶುಕ್ರವಾರ ಎರಡು ಗೇಣು, ಒಂದು ಬೆರಳು. ಅಂದು ಜೇವರ್ಗಿಯಲ್ಲಿ ನನ್ನ ಗೋನಿಯೋಮೀಟರ್ ಎಪ್ಪತ್ತೊಂಬತ್ತು ತೋರಿಸಿತು. ಅವರು ತಾಲೀಮಿನ ಗೋಡೆಗೆ ಇದ್ದಿಲಿನಿಂದ ದಿನದ ಅಳತೆಯ ಗೆರೆ ಎಳೆಯತೊಡಗಿದ್ದರು. ಈಗಷ್ಟೇ ಸುಣ್ಣ ಬಳಿದ ಗೋಡೆ ಹಾಳಾಯಿತೆಂದು ಗುರುಬಾಯಿ ನನಗೆ ಬೇರೆಯಾಗಿ ಫೋನ್ ಮಾಡಿ ದೂರಿದರು. ಅದೇ ಮಾತಿನಲ್ಲಿ, “ಇಬ್ಬರೂ ಗೋಡಿ ಮುಂದ ಕುಂತು ಜಗಳಾಡಾಕತ್ತಾರ್ರಿ, ಬೆರಳ ಓರೆ ಇಟ್ಟಿದಿ, ನೆಟ್ಟಗ ಇಟ್ಟಿದಿ ಅಂತ,” ಎಂದೂ ಹೇಳಿದರು. ಅವರ ದನಿಯಲ್ಲಿ ದೂರಿಗಿಂತ ಬೇರೇನೋ ಹೆಚ್ಚಿತ್ತು.

ಆ ವಾರ ಅವನು ಅಕ್ಕನ ಮನೆಗೆ ಹೋಗಲಿಲ್ಲ. ಸೋಮವಾರ ಅಪ್ಪನ ಅಳತೆ ಮುಗಿಸಿಕೊಂಡೇ, ಮಧ್ಯಾಹ್ನದ ಹೊತ್ತಿಗೆ ಆಳಂದ ತಲುಪಿದ: ತೊಂಬತ್ತೊಂದು ಡಿಗ್ರಿ. ಮಂಗಳವಾರ ಕಲಬುರಗಿಯಲ್ಲಿ ಎಕ್ಸ್‌ರೇ. ನಾನು ಅರ್ಧ ದಿನ ರಜೆ ಹಾಕಿ ಹೋದೆ. ವಸ್ತಾದರೂ ಬಂದಿದ್ದರು, ಇಸ್ತ್ರಿ ಮಾಡಿದ ಧೋತರ, ಕೆಂಪು ರುಮಾಲು. ಡಾಕ್ಟರರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ಆ ರುಮಾಲಿನ ತುದಿ ಅವರ ಮುಷ್ಟಿಯಲ್ಲಿತ್ತು.

“ಎಲುಬು ಕಟ್ಟಿಲ್ಲ,” ಎಂದರು ಡಾಕ್ಟರರು. “ನಸೀಬ್ ಚಲೋ ಅದ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡೋಣ.”

ಹೊರಗೆ ಬಂದ ಮೇಲೆ ವಸ್ತಾದರು ನನ್ನನ್ನು ಪಕ್ಕಕ್ಕೆ ಕರೆದರು. “ಬಾಯಾರ, ಕಟ್ಟಿದ್ರ ನನ್ನ ಕೈಯಿಂದ ಆಗ್ತಿತ್ತಲ್ರಿ?” ಸುಳ್ಳು ಹೇಳಲು ಬರಲಿಲ್ಲ. “ಆಗಬಹುದಿತ್ತರಿ. ಆದ್ರ ಆಗಿಲ್ಲ. ನಾನೂ ಮೊದಲನೇ ದಿನ ನಿಮ್ಮನ್ನ ಬಂದು ಕಾಣಬೇಕಿತ್ತು, ಕಾಣಲಿಲ್ಲ,” ಎಂದೆ. ಅವರು ತಲೆಯಾಡಿಸಿ, ಎದುರಿನ ಹೋಟೆಲಿನಲ್ಲಿ ನಮಗೆಲ್ಲ ಚಹಾ ಹೇಳಿದರು.

ಆಮೇಲಿನ ದಿನಗಳು ಒಂದರ ಹಿಂದೆ ಒಂದು ಹಗುರಾಗುತ್ತ ಹೋದವು. ಒಂದೂವರೆ ಗೇಣು. ಒಂದು ಗೇಣು, ಎರಡು ಬೆರಳು. ತೊಡೆಯ ದಪ್ಪ ಇಳಿಯಿತು, ಬಿಸಿ ಹೋಯಿತು. ಮೊದಲು ಸೈಕಲ್ಲು, ಆಮೇಲೆ ಅರ್ಧಕ್ಕೆ ಕೂತು ಏಳುವ ಬೈಠಕ್ಕು, ಆಮೇಲೆ ನಿಧಾನದ ಓಟ, ಕೊನೆಗೆ ಓಡುತ್ತ ಗಕ್ಕನೆ ತಿರುಗುವುದು. ಬೈಠಕ್ಕಿನ ಲೆಕ್ಕ ಇಡುವ ಕೆಲಸವನ್ನೂ ವಸ್ತಾದರಿಗೇ ಕೊಟ್ಟೆ. ನಾನು ಹತ್ತು ಎಂದರೆ ಹತ್ತು. ಹನ್ನೊಂದನೆಯದಕ್ಕೆ ಶರಣು ಕೂತರೆ, “ಏಳಲೇ, ಬಾಯಾರ ಹತ್ತ ಹೇಳ್ಯಾರ,” ಎಂದು ಗದರುತ್ತಿದ್ದರಂತೆ. ಅವನು ಶಿಬಿರಕ್ಕೆ ಹೊರಟ ಗುರುವಾರ ಬೆಳಿಗ್ಗೆಯ ಫೋನು ಹೀಗಿತ್ತು: “ನಡುವ ಬೆರಳ ಹೋಗಂಗಿಲ್ಲ. ಬ್ಯಾನಿ ಇಲ್ಲ ಅಂದ. ಎರಡು ಸಲ ಕೇಳೇನಿ.” ಅಂದು ಹೋಗುವ ದಾರಿಯಲ್ಲಿ ಅಫಜಲಪುರದಲ್ಲಿ ಇಳಿದವನನ್ನು ಅಳೆದೆ. ನೂರ ನಲವತ್ತೊಂದು.

ಟೆಸ್ಟಿನ ಭಾನುವಾರ ನಾನು ಕರಜಗಿಯಲ್ಲಿರಬೇಕೆಂದು ಗುರುಬಾಯಿಯ ಹಟ. “ಸುದ್ದಿ ನಮ್ಮ ಮನ್ಯಾಗ ಕುಂತು ಕೇಳ್ರಿ,” ಎಂದಿದ್ದರು. ಹತ್ತೂವರೆಗೆ ಹೋದೆ. ವಸ್ತಾದರು ಗೋಡೆಯ ಗೆರೆಗಳ ಮುಂದೆ ಕೂತಿದ್ದರು. ಹನ್ನೊಂದಾಯಿತು, ಹನ್ನೆರಡಾಯಿತು. ಗುರುಬಾಯಿ ಒಂದೇ ಪಾತ್ರೆಯನ್ನು ಮೂರು ಸಲ ತೊಳೆದರು. ಹನ್ನೆರಡೂವರೆಗೆ ಅವರ ಫೋನ್ ರಿಂಗಾಯಿತು. “ಹಾಂ ಶರಣು,” ಎಂದು ಎರಡು ನಿಮಿಷ ಕೇಳಿ, ಕಣ್ಣು ಒರೆಸಿಕೊಂಡು, ಫೋನನ್ನು ಗಂಡನ ಕಡೆ ಚಾಚಿದರು. “ನಿಮಗ ಕೊಡು ಅನ್ನಾಕತ್ತಾನ.”

ವಸ್ತಾದರು ಫೋನನ್ನು ಮುದುಡಿದ ಕಿವಿಗೆ ಒತ್ತಿ ಹಿಡಿದರು. “ಹೂಂ... ಹೂಂ... ಎಷ್ಟು ಮಂದ್ಯಾಗ?... ಹೂಂ. ಬ್ಯಾನಿ ಆತೇನು?” ಸ್ವಲ್ಪ ತಡೆದು, “ಖರೆ ಹೇಳಲೇ,” ಎಂದರು. ಆ ಕಡೆಯಿಂದ ನಗು ಕೇಳಿಸಿತು. ಆಗ ಈ ಕಡೆಯೂ ಬಂತು. ಪಾಸಾಗಿದ್ದ, ಜಾಗ ಅವನದೇ.

ಅಲ್ಲಿಂದ ಈಚೆಗೆ ನನ್ನ ಪೇಶಂಟುಗಳ ಹಾಳೆಯಲ್ಲಿ ಒಂದು ಸಾಲು ಹೆಚ್ಚಾಗಿದೆ: ಮನೆಯಲ್ಲಿ ಈ ಗಾಯಕ್ಕೆ ಕೈ ಹಚ್ಚುವವರು ಯಾರು? ಆ ಉತ್ತರ ಬರೆಯದೆ ನಾನು ಚಿಕಿತ್ಸೆ ಶುರು ಮಾಡುವುದಿಲ್ಲ. ಅಮ್ಮನೋ, ಅತ್ತೆಯೋ, ವಸ್ತಾದರೋ, ಯಾರಾದರೂ ಸರಿ, ಮೊದಲ ವಾರವೇ ಅವರನ್ನು ಕರೆಸಿ ಕೂರಿಸಿಕೊಳ್ಳುತ್ತೇನೆ. ಮಾಡಬೇಡಿ ಎಂದಷ್ಟೇ ಹೇಳಿದರೆ ಆ ಕೈ ನಿಲ್ಲುವುದಿಲ್ಲ. ಅದಕ್ಕೆ ಬೇರೆ ಕೆಲಸ ಕೊಡಬೇಕು. ಮತ್ತು ಪೇಶಂಟಿಗೆ ಗುಣ ಕಂಡಾಗ ನನ್ನ ಖೋಲಿಯ ಫ್ರಿಜ್ ನೋಡುವ ಮೊದಲು, ಹಿಂದಿನ ರಾತ್ರಿ ಅವನು ಎಲ್ಲಿ ಉಳಿದಿದ್ದ ಎಂದು ಕೇಳುತ್ತೇನೆ.

ಆ ಭಾನುವಾರದ ಪುಟದ ಕೊನೆ ಹೀಗಿದೆ. ಊಟ: ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಸಿಹಿ ಮಾದಲಿಗೆ ಹಾಲು ತುಪ್ಪ. ನಾನು ಎರಡು ರೊಟ್ಟಿ, ಗುರುಬಾಯಿ ಒಂದೂವರೆ, ವಸ್ತಾದರು ನಾಲ್ಕು. ಕೈ ತೊಳೆದು ಪಡಸಾಲೆಯಲ್ಲಿ ಕೂತೆವು. ಗುರುಬಾಯಿ ಎಲೆ ಅಡಿಕೆಯ ತಟ್ಟೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ವಸ್ತಾದರು ಕಂಬಳಿಯ ಮೇಲೆ ಉರುಳಿ ನಿದ್ದೆಹೋಗಿದ್ದರು, ಬಲಗೈ ಎದೆಯ ಮೇಲೆ ಗೇಣಗಲ ಬಿಚ್ಚಿಕೊಂಡಿತ್ತು. “ತಿಂಗಳಾತ್ರಿ, ಮಧ್ಯಾಹ್ನ ಕಣ್ಣ ಮುಚ್ಚಿದ್ದಿಲ್ಲ,” ಎಂದು ಗುರುಬಾಯಿ ಮೆಲ್ಲಗೆ ಹೇಳಿ, ಬಿಸಿಲು ಅವರ ಮುಖಕ್ಕೆ ಬೀಳದಂತೆ ಬಾಗಿಲು ಮುಂದೆ ಮಾಡಿದರು.